ಸೊರಬ ಸೀಮೆಯ ವೀರಗಲ್ಲುಗಳು: ಮಾಹಿತಿ ನೀಡಿ ಸಹಕರಿಸಲು ಕೋರಿಕೆ

ಗುಂಪಿನ ಎಲ್ಲರಿಗೂ ನಮಸ್ಕಾರ. ವಿಶ್ವವಿದ್ಯಾಲಯವೊಂದರ ಇತಿಹಾಸ ವಿಭಾಗದಲ್ಲಿ ಸೊರಬ ತಾಲ್ಲೂಕಿನ ವೀರಗಲ್ಲು (ಹೋರಾಡಿ ಮಡಿದ ವೀರರ ಸ್ಮಾರಕ ಕಲ್ಲು) ಹಾಗೂ ಮಾಸ್ತಿಗಲ್ಲುಗಳ (ಸತಿ ಹೋದವರ ಸ್ಮಾರಕ ಕಲ್ಲು) ಕುರಿತು ಪಿಎಚ್.ಡಿ. ಸಂಶೋಧನೆ ನಡೆಸುತ್ತಿರುವ ನನಗೆ ಆ ಭಾಗದ ಸದಸ್ಯರ ನೆರವು ಬೇಕಾಗಿದೆ.

ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಎಂಟನೆಯ ಸಂಪುಟದಲ್ಲಿ ಈ ತಾಲ್ಲೂಕಿನ ಶಾಸನಗಳು ಸೇರಿವೆಯಾದರೂ, ಅದು ಅಕ್ಷರವಿರುವ ಕಲ್ಲುಗಳ ಪಾಠವನ್ನು ಕೊಡುವ ಗ್ರಂಥವಾದ್ದರಿಂದ, ಬರಹವಿಲ್ಲದೆ ಬರೀ ಶಿಲ್ಪವಿರುವ ಕಲ್ಲುಗಳನ್ನು ಊರೂರು ಸುತ್ತಿಯೇ ಹುಡುಕಬೇಕಾಗಿದೆ. ನನ್ನ ದೃಷ್ಟಿಯಲ್ಲಿ ಅವೂ ಅಷ್ಟೇ ಮುಖ್ಯ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ ಎಂಬ ಸಾಮಾನ್ಯ ವಿನ್ಯಾಸದೊಳಗೆ, ಕಾಳಗದ ಪಕ್ಕ ದನಗಳ ಸಾಲು ಕಂಡರೆ ಅದು ತುರುಗಾಳಗವೆಂದು (ದನಗಳಿಗಾಗಿ ನಡೆದ ಕಾಳಗ) ಅಕ್ಷರವಿಲ್ಲದೆಯೂ ಊಹಿಸಬಹುದು.

ನಿಮ್ಮೂರಿನ ಕೆರೆ ಏರಿ, ದೇವಸ್ಥಾನದ ಅಂಗಳ ಅಥವಾ ಗದ್ದೆಯ ಬದುವಿನಲ್ಲಿ ಇಂಥ ಕಲ್ಲುಗಳಿದ್ದರೆ, ಅವುಗಳ ಮುಂಭಾಗದ ಫೋಟೊ, ಊರಿನ ಹೆಸರು ಮತ್ತು ಇರುವ ಜಾಗದ ವಿವರವನ್ನು ಇಲ್ಲಿಯೇ ತಿಳಿಸಬೇಕೆಂದು ವಿನಂತಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದರೆ ಕೆತ್ತನೆ ಸ್ಪಷ್ಟವಾಗಿ ಮೂಡುತ್ತದೆ. ಅಕ್ಷರ ಕಾಣಲೆಂದು ಸುಣ್ಣವನ್ನೋ ಬಣ್ಣವನ್ನೋ ಬಳಿಯುವುದು ಬೇಡ. ಕೆಲವು ಕಲ್ಲುಗಳಿಗೆ ಇನ್ನೂ ಪೂಜೆ ಸಲ್ಲುತ್ತಿರುವುದರಿಂದ, ಪೂಜಿಸುವವರನ್ನು ಕೇಳಿಯೇ ಫೋಟೊ ತೆಗೆಯಿರಿ. ನೆರವಾದವರ ಹೆಸರನ್ನು, ಅವರು ಒಪ್ಪಿದರೆ, ಪ್ರಬಂಧದಲ್ಲಿ ಸ್ಮರಿಸುತ್ತೇನೆ.