ವಿದ್ಯಾರ್ಥಿಗಳ ಸಂಗೀತ ಪತ್ರಿಕೆ: ಕಟ್ಟುವುದು ಹೇಗೆ, ಅಚ್ಚು ಹಾಕಿಸುವುದು ಎಲ್ಲಿ?

ಕೇಳಿದವರು: ಮಡಿಕೇರಿಯ ಬಿ.ಎ. ವಿದ್ಯಾರ್ಥಿನಿ

ನಮ್ಮ ಕಾಲೇಜಿನ ಸಂಗೀತ ಬಳಗದಿಂದ ವರ್ಷಕ್ಕೊಂದು ಪತ್ರಿಕೆ ತರಬೇಕು ಅಂತ ಹೊರಟಿದ್ದೇವೆ. ಕರ್ನಾಟಕ ಸಂಗೀತದ ಸ್ವರಪಾಠ (ಸರಿಗಮ ಅಕ್ಷರಗಳಲ್ಲಿ ಬರೆದ ಹಾಡು), ದುಡಿ (ಕೊಡಗಿನ ಸಣ್ಣ ಚರ್ಮವಾದ್ಯ) ಬಾರಿಸುವವರ ಸಂದರ್ಶನ, ನಮ್ಮ ಕಡೆ ಆಡುವ ಅರೆಭಾಷೆಯ ಹಾಡು, ಸಿನಿಮಾ ಹಾಡಿನ ವಿಮರ್ಶೆ, ಗಿಟಾರ್ ಕಲಿಯುವವರಿಗೆ ಒಂದೆರಡು ಪುಟ, ಎಲ್ಲ ಇರಬೇಕು. 48 ಪುಟ, 200 ಪ್ರತಿ ಸಾಕು. ವಿನ್ಯಾಸ ನಾವೇ ಮಾಡುತ್ತೇವೆ. ಪ್ರಕಾಶಕರನ್ನು ಹುಡುಕುವುದು ಹೇಗೆ? ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ವಿರಾಜಪೇಟೆಯಿಂದ, ಕಾಲೇಜು ಸಂಚಿಕೆ ನೋಡಿಕೊಳ್ಳುವ ಉಪನ್ಯಾಸಕಿ

ನೋಡಮ್ಮ, ಪ್ರಕಾಶಕರನ್ನು ಹುಡುಕುವುದು ಬಿಡಿ, ಒಳ್ಳೆಯ ಪ್ರೆಸ್ ಹುಡುಕಿ. ಪ್ರಕಾಶನ ಸಂಸ್ಥೆಯವರು ತಮ್ಮ ದುಡ್ಡು ಹಾಕಿ ಪುಸ್ತಕ ತರುತ್ತಾರೆ, ಅಂಗಡಿಗಳಲ್ಲಿ ಮಾರಿ ದುಡ್ಡು ಹಿಂದೆ ತೆಗೆಯುತ್ತಾರೆ. 200 ಪ್ರತಿಯ ಕಾಲೇಜು ಪತ್ರಿಕೆಯಲ್ಲಿ ಅವರಿಗೆ ಗಿಟ್ಟುವುದಿಲ್ಲ. ಪ್ರಕಾಶಕರು ಅನ್ನುವ ಜಾಗದಲ್ಲಿ ಕಾಲೇಜಿನ ಹೆಸರು ಹಾಕಿ, ಪ್ರಾಂಶುಪಾಲರ ಒಪ್ಪಿಗೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ. "ಪ್ಯಾಕೇಜ್ ಕೊಡಿ, ನಾವೇ ಪ್ರಕಟಿಸುತ್ತೇವೆ" ಅನ್ನುವವರೂ ಸಿಗುತ್ತಾರೆ. ನಮಗೂ ಒಬ್ಬರು ಸಿಕ್ಕಿದ್ದರು. ಖರ್ಚೆಲ್ಲ ನಮ್ಮದು, ಬರಹಗಳ ಹಕ್ಕು ಅವರದು ಅಂತ ಕರಾರಿನಲ್ಲಿತ್ತು! ಕೈಬಿಟ್ಟೆವು. ಹಕ್ಕು ಬರೆದ ಮಕ್ಕಳ ಹತ್ತಿರವೇ ಉಳಿಯಬೇಕು, ಈ ಮಾತಿನಲ್ಲಿ ರಾಜಿ ಬೇಡ.

ಮುಂದೆ ನೀವು ಸಂಗ್ರಹಿಸಿದ ಹಾಡುಗಳು ಒಂದು ಪುಸ್ತಕದಷ್ಟಾದರೆ ಆಗ ಪ್ರಕಾಶಕರ ಮಾತು. ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿ ಎರಡೂ ನಿಮ್ಮ ಮಡಿಕೇರಿಯಲ್ಲೇ ಇವೆ. ಪತ್ರಿಕೆಯ ಸಂಚಿಕೆಗಳನ್ನು ಹಿಡಿದುಕೊಂಡು ಹೋಗಿ ಕೇಳಿ.

ಈಗ ಪ್ರೆಸ್ ಆರಿಸುವ ವಿಷಯ. ರೇಟು ಕೇಳುವ ಮೊದಲು ಸ್ವರಪಾಠದ ಒಂದು ಪುಟ ತೆಗೆದುಕೊಂಡು ಹೋಗಿ. ಇಡೀ ಪತ್ರಿಕೆಯಲ್ಲಿ ಕಷ್ಟದ ಪುಟ ಅದೇ. ತಾರಸ್ಥಾಯಿಗೆ (ಮೇಲಿನ ಸ್ವರಗಳಿಗೆ) ಅಕ್ಷರದ ಮೇಲೆ ಚುಕ್ಕಿ, ಮಂದ್ರಕ್ಕೆ (ಕೆಳಗಿನ ಸ್ವರಗಳಿಗೆ) ಕೆಳಗೆ ಚುಕ್ಕಿ, ಎರಡನೇ ಕಾಲಕ್ಕೆ (ಇಮ್ಮಡಿ ವೇಗಕ್ಕೆ) ಮೇಲೊಂದು ಗೆರೆ. 'ರಿ', 'ನಿ' ಬಂದಾಗ ಮೇಲಿನ ಗುಡಿಸಿಗೆ ಚುಕ್ಕಿ ಅಂಟಿಕೊಳ್ಳುತ್ತದೆ. ಒಂದು ಚುಕ್ಕಿ ಹಾರಿಹೋದರೆ ಮೇಲಿನ ಷಡ್ಜ, ಅಂದರೆ 'ಸ', ನಡುವಿನ ಮಧ್ಯಸ್ಥಾಯಿಗೆ ಇಳಿಯುತ್ತದೆ. ಪುಟ ನೋಡಿ ಕಲಿಯುವ ಹುಡುಗಿಗೆ ಅದು ಗೊತ್ತೂ ಆಗುವುದಿಲ್ಲ. ಒಂದು ಪ್ರೆಸ್‌ನಲ್ಲಿ ನಮ್ಮ ಪುಟಗಳನ್ನು ಅವರೇ ಮತ್ತೆ ಟೈಪ್ ಮಾಡಿದರು. ಚುಕ್ಕಿಗಳೆಲ್ಲ ಮಾಯ. ಹಾಗಾಗಿ ಆ ಪುಟವನ್ನು ನಿಮ್ಮ ಎದುರಿಗೇ ಅಚ್ಚು ತೆಗೆದು ತೋರಿಸಲಿ. ಚುಕ್ಕಿ, ಗೆರೆ ಇದ್ದಲ್ಲೇ ಇದ್ದರೆ ಆಮೇಲೆ ದುಡ್ಡಿನ ಮಾತು.

ಜೋಡಿಸುವಾಗ ಸ್ಪೇಸ್ ಒತ್ತುತ್ತಾ ಹೋಗಬೇಡಿ. ಆದಿತಾಳದ ಎಂಟು ಅಕ್ಷರ (ತಾಳದ ಎಣಿಕೆ) 4, 2, 2 ಆಗಿ ಬೇರೆ ಬೇರೆ ಕಾಣಬೇಕು, ಪ್ರತಿ ಸ್ವರದ ಕೆಳಗೆ ಅದರದೇ ಸಾಹಿತ್ಯ (ಹಾಡಿನ ಮಾತು) ಕೂರಬೇಕು. ಟೇಬಲ್ ಹಾಕಿ ಗೆರೆಗಳನ್ನು ಮರೆಮಾಡಿದರೆ ಏನೂ ಅಲುಗಾಡುವುದಿಲ್ಲ.

ಇನ್ನೊಂದು. ಕೊಡವ ತಕ್ಕ್‌ನ (ಕೊಡವ ಭಾಷೆಯ) ಸಾಲುಗಳನ್ನು ಕನ್ನಡ ಪ್ರೂಫ್ ನೋಡುವವರ ಕೈಗೆ ಮಾತ್ರ ಕೊಡಬೇಡಿ. 'ಪಾಟ್' (ಹಾಡು) ಇದ್ದದ್ದನ್ನು 'ಪಾಠ' ಅಂತ ತಿದ್ದಿಬಿಡುತ್ತಾರೆ. ಮನೆಯಲ್ಲಿ ಆ ಭಾಷೆ ಆಡುವವರು ಒಬ್ಬರು ಓದಲೇಬೇಕು. ಅರೆಭಾಷೆಗೂ ಹಾಗೇ. ಬರೆಯುವ ರೀತಿಯ ಬಗ್ಗೆ ನಿಮ್ಮಲ್ಲೇ ಜಗಳ ಬಂದರೆ ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ' ತೆಗೆದು ನೋಡಿ. 1924ರಲ್ಲೇ ಅವರು ಕೊಡವ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದ್ದರು.

ಮಡಿಕೇರಿಯಿಂದ, ಡಿಟಿಪಿ ಕೆಲಸ ಮಾಡುವವರು

ಮೇಡಂ ಹೇಳಿದ ಹಾಗೆ ಚುಕ್ಕಿ ಹಾರಿಹೋಗಲು ಮುಖ್ಯ ಕಾರಣ ಫಾಂಟ್. ನೀವು ಫೋನಿನಲ್ಲಿ ಟೈಪ್ ಮಾಡುವುದು ಯೂನಿಕೋಡ್. ಎಷ್ಟೋ ಪ್ರೆಸ್‌ಗಳಲ್ಲಿ ಇಂದಿಗೂ ಪುಟ ಕಟ್ಟಲು ಹಳೆಯ ಪೇಜ್‌ಮೇಕರ್ ಇದೆ, ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟ್ ಇದೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದರೆ ಅರ್ಕಾವೊತ್ತು, ಒತ್ತಕ್ಷರ ಕೆಡುತ್ತವೆ. ಅದಕ್ಕೇ ಪುಟ ಪೂರ್ತಿ ನೀವೇ ಕಟ್ಟಿ, ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಮಾತ್ರ ಕೊಡಿ. ಪುಟ ಕಟ್ಟುವ ಇನ್‌ಡಿಸೈನ್ ತಂತ್ರಾಂಶ ಇದ್ದರೆ ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಆಯ್ಕೆ ಆನ್ ಮಾಡಿ, ಇಲ್ಲವಾದರೆ ಒತ್ತುಗಳು ಸರಿಯಾಗಿ ಕೂರುವುದಿಲ್ಲ. ದುಡ್ಡಿಲ್ಲದಿದ್ದರೆ ಸ್ಕ್ರೈಬಸ್ ಉಚಿತ, 1.6 ಆವೃತ್ತಿಯಲ್ಲಿ ಕನ್ನಡ ಚೆನ್ನಾಗಿ ಬರುತ್ತದೆ. ಗಿಟಾರ್ ಪುಟಕ್ಕೆ ಸ್ವರಲಿಪಿ ಬರೆಯುವ ಮ್ಯೂಸ್‌ಸ್ಕೋರ್ ಬಳಸಿ, ಅದೂ ಉಚಿತ. ಅದರಿಂದ ಎಸ್‌ವಿಜಿ ಅಥವಾ ಪಿಡಿಎಫ್ ತೆಗೆಯಿರಿ. ಸ್ಕ್ರೀನ್‌ಶಾಟ್ ಹಾಕಿದರೆ ಅಚ್ಚಿನಲ್ಲಿ ಗೆರೆಗಳು ಮಸುಕಾಗುತ್ತವೆ.

ಕನ್ನಡದಲ್ಲಿ ಒತ್ತು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು. 11 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟ್ ಅಂತರ ಕೊಟ್ಟು ನೋಡಿ. ಸ್ವರದ ಪುಟಕ್ಕೆ ಇನ್ನೂ ಹೆಚ್ಚು. ಮಧ್ಯಕ್ಕೆ ಪಿನ್ ಹೊಡೆಯುವ ಪತ್ರಿಕೆಯಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕು. 48 ಸರಿ, 50 ಆಗುವುದಿಲ್ಲ. ಫೋಟೊ ಅಂಚಿನವರೆಗೆ ಬರಬೇಕಿದ್ದರೆ ಸುತ್ತಲೂ 3 ಮಿ.ಮೀ. ಹೆಚ್ಚು ಬಿಡಿ. ವಾಟ್ಸಾಪ್‌ನಲ್ಲಿ ಫೋಟೊ ಕಳಿಸುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

200 ಪ್ರತಿಗೆ ಡಿಜಿಟಲ್ ಪ್ರಿಂಟ್ ಸಾಕು. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ಮೊದಲೇ ಬೀಳುತ್ತದೆ, ಕಡಿಮೆ ಪ್ರತಿಗೆ ಅದು ಭಾರ. 500 ದಾಟುವುದಾದರೆ ಎರಡಕ್ಕೂ ರೇಟು ಕೇಳಿ, ಮೈಸೂರು, ಮಂಗಳೂರಿನಲ್ಲೂ ಕೇಳಿ. ಆದರೆ ಸಾಗಿಸುವ ಖರ್ಚು ಸೇರಿಸಿ ಲೆಕ್ಕ ಹಾಕಿ. ಪ್ರೂಫ್ ನೋಡಲು ನೀವೇ ಹೋಗಿಬರಬೇಕಲ್ವಾ, ಅದನ್ನೂ ಸೇರಿಸಿ.

ಒಳಪುಟಕ್ಕೆ 80 ಜಿಎಸ್‌ಎಂ (ಕಾಗದದ ತೂಕದ ಲೆಕ್ಕ) ಮ್ಯಾಪ್ಲಿಥೊ, ಅಂದರೆ ಹೊಳಪಿಲ್ಲದ ಸಾದಾ ಕಾಗದ ಹಾಕಿ. ಆರ್ಟ್ ಪೇಪರ್ ಚಂದ ಕಾಣುತ್ತದೆ ನಿಜ, ಆದರೆ ಸ್ವರದ ಪಕ್ಕ ಪೆನ್ಸಿಲ್ ಗುರುತು ಹಾಕಲು ಬರುವುದಿಲ್ಲ. ನಮ್ಮ ಮಳೆಗಾಲದಲ್ಲಿ ತೇವ ಹಿಡಿದರೆ ಹಾಳೆಗಳು ಒಂದಕ್ಕೊಂದು ಅಂಟಿಯೂಬಿಡುತ್ತವೆ. ರಕ್ಷಾಪುಟಕ್ಕೆ 250 ಜಿಎಸ್‌ಎಂ, ಮೇಲೆ ಮ್ಯಾಟ್ ಲ್ಯಾಮಿನೇಷನ್. ಲ್ಯಾಮಿನೇಷನ್ ಒಂದೇ ಬದಿಗಿರುವುದರಿಂದ ಜೂನ್, ಜುಲೈನಲ್ಲಿ ಅದು ಸುರುಳಿ ಸುತ್ತುತ್ತದೆ. ಪ್ರತಿಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮೇಲೆ ಭಾರ ಇಟ್ಟು ಎತ್ತಿಡಿ.

ಸೋಮವಾರಪೇಟೆಯಿಂದ, ಹಾಡು ಸಂಗ್ರಹಿಸುವ ಹಳೆಯ ವಿದ್ಯಾರ್ಥಿ

ಸಿನಿಮಾ ಹಾಡನ್ನು ಪೂರ್ತಿ ಅಚ್ಚು ಹಾಕಬೇಡಿ ತಂಗಿ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ವಿಮರ್ಶೆಗೆ ಬೇಕಾದ ಒಂದೆರಡು ಸಾಲು ಎತ್ತಿ ತೋರಿಸಿ, ಕವಿಯ ಹೆಸರು ಹಾಕಿ.

ಜನಪದ ಹಾಡು ಎಲ್ಲರದೂ ಹೌದು, ಆದರೆ ನಿಮಗಾಗಿ ಕೂತು ಹಾಡಿದವರು ಒಬ್ಬರು ಇರುತ್ತಾರೆ. ಅವರ ಹೆಸರು, ಊರು, ಹಾಡಿದ ದಿನ ಪುಟದಲ್ಲಿ ದೊಡ್ಡದಾಗಿಯೇ ಇರಲಿ. ಕೆಲವು ಹಾಡುಗಳನ್ನು ಹಬ್ಬ, ದೇವರ ಕೆಲಸ ಬಿಟ್ಟು ಬೇರೆ ಹೊತ್ತಿನಲ್ಲಿ ಹಾಡುವುದಿಲ್ಲ. ಅಂಥದ್ದನ್ನು ಅಚ್ಚು ಹಾಕಬಹುದಾ ಅಂತ ಅವರನ್ನೇ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ, ನಾನೂ ಎಷ್ಟೋ ಹಾಡು ಹಾಗೇ ಬಿಟ್ಟಿದ್ದೇನೆ. ಕೊಡವರ ಸುಗ್ಗಿ ಹಬ್ಬ ಪುತ್ತರಿ ನವೆಂಬರ್–ಡಿಸೆಂಬರ್‌ನಲ್ಲಿ ಬರುತ್ತದೆ. ಕೋಲಾಟ, ದುಡಿ, ಮನೆ ಮನೆಯ ಹಾಡು ಎಲ್ಲ ಆಗ ಸಿಗುತ್ತವೆ. ಸಂದರ್ಶನ ಅದರ ಸುತ್ತ ಇಟ್ಟುಕೊಳ್ಳಿ. ಬಾಳೋಪಾಟ್, ಅಂದರೆ ದುಡಿ ಬಾರಿಸುತ್ತಾ ಹೇಳುವ ಕೊಡವ ಹಾಡು, ಹಾಡುವವರು ನಾಲ್ಕು ಜನ. ಒಬ್ಬರ ಮುಖ ಮಾತ್ರ ತೆಗೆಯಬೇಡಿ, ದುಡಿ ಹಿಡಿದ ಕೈಗಳು ಹತ್ತಿರದಿಂದ ಕಾಣುವ ಫೋಟೊ ಬೇಕು.

ಹಾಡಿನ ಪಕ್ಕ ಕ್ಯೂಆರ್ ಕೋಡ್ ಹಾಕಿದರೆ ಓದುವವರು ಕೇಳಲೂಬಹುದು. ಬಿಳಿ ಮೇಲೆ ಕಪ್ಪಾಗಿ, ಅಗಲ 2 ಸೆಂ.ಮೀ.ಗಿಂತ ಕಡಿಮೆ ಬೇಡ. ಕೊಂಡಿ ಕಾಲೇಜಿನ ಖಾತೆಗೆ ಹೋಗಲಿ. ವಿದ್ಯಾರ್ಥಿಯ ಖಾತೆಯಾದರೆ ಅವನು ಪಾಸಾಗಿ ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೆ?

ಗೋಣಿಕೊಪ್ಪಲಿನಿಂದ, ಅಂಗಡಿ ಇಟ್ಟವರು

ಜಾಹೀರಾತಿಗೆ ಕಾಫಿ ಮಾರಾಟವಾದ ಮೇಲೆ ಬನ್ನಿ, ಫೆಬ್ರವರಿ–ಮಾರ್ಚ್ ಹೊತ್ತಿಗೆ. ಮಳೆಗಾಲದಲ್ಲಿ ಕೇಳಿದರೆ ನಮ್ಮ ಕೈಯಲ್ಲೂ ಇರುವುದಿಲ್ಲ. ಪೂರ್ತಿ ಪುಟಕ್ಕೆ, ಅರ್ಧ ಪುಟಕ್ಕೆ ಎಷ್ಟು ಅಂತ ಬರೆದು ತನ್ನಿ. ಅಚ್ಚಾದ ಪ್ರತಿ ತಂದು ಕೊಟ್ಟರೆ ಮುಂದಿನ ವರ್ಷ ಕೇಳದೇ ಕೊಡುತ್ತೇವೆ.

ಕುಶಾಲನಗರದಿಂದ, ಗ್ರಂಥಪಾಲಕರು

ವರ್ಷಕ್ಕೊಂದೇ ಆದರೂ ಒಂದೇ ಹೆಸರಿನಲ್ಲಿ ಮುಂದುವರಿಯುವುದಾದರೆ ನಿಯತಕಾಲಿಕಗಳನ್ನು ಗುರುತಿಸುವ ಐಎಸ್‌ಎಸ್‌ಎನ್ ಸಂಖ್ಯೆಗೆ ಅರ್ಜಿ ಹಾಕಬಹುದು. ಕೇಂದ್ರದ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ಗೆ ಸೇರಿದ ದೆಹಲಿಯ ಸಂಸ್ಥೆಯೊಂದು ಅದನ್ನು ಉಚಿತವಾಗಿ ಕೊಡುತ್ತದೆ. ಐಎಸ್‌ಬಿಎನ್ ಸಂಖ್ಯೆ ಪುಸ್ತಕಕ್ಕೆ, ನಿಮಗೆ ಬೇಕಿಲ್ಲ. ಮುಂದೆ ಸುದ್ದಿ ಸೇರಿಸಿ, ಚಂದಾ ಮಾಡಿ, ತಿಂಗಳಿಗೊಂದರಂತೆ ಹೊರಗೆ ಮಾರುವ ಯೋಚನೆ ಬಂದರೆ ಮಾತ್ರ 2023ರ ಪತ್ರಿಕಾ ನೋಂದಣಿ ಕಾಯ್ದೆ ಓದಿಕೊಳ್ಳಿ. ಆಗ ಹೆಸರಿಗೆ ಒಪ್ಪಿಗೆ, ನೋಂದಣಿ ಎಲ್ಲ ಆಗಬೇಕು. ಅಚ್ಚಾದ ಮೇಲೆ ಎರಡು ಪ್ರತಿ ಕಾಲೇಜು ಗ್ರಂಥಾಲಯಕ್ಕೆ ಕೊಟ್ಟು ರಸೀದಿ ಪಡೆಯಿರಿ. ಪಿಡಿಎಫ್ ಜೊತೆಗೆ ಮೂಲ ಕಡತ, ಫಾಂಟ್‌ಗಳನ್ನೂ ಅಲ್ಲೇ ಒಂದು ಪೆನ್‌ಡ್ರೈವ್‌ನಲ್ಲಿ ಇಡಿ. ಮುಂದಿನ ವರ್ಷದ ಬಳಗದವರು ಅದೇ ಪುಟವಿನ್ಯಾಸದಿಂದ ಶುರು ಮಾಡಬಹುದು.