ಹಂಚಿನ ಮನೆಯ ಪಕ್ಕಾಸಿನಲ್ಲಿ ಗೊದ್ದಗಳ ಗೂಡು: ಮರವನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ಪರ್ಕಳ, ಉಡುಪಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಪರ್ಕಳದ ಸಮೀಪ ಅಜ್ಜನ ಕಾಲದಲ್ಲಿ ಕಟ್ಟಿದ, ಸುಮಾರು 60 ವರ್ಷ ಹಳೆಯ, ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯ ಹಂಚಿನ ಮನೆ. ಈ ವರ್ಷ ಪತ್ತನಾಜೆ (ಮೇ ಕೊನೆಯ ವಾರ) ಕಳೆದು ಮೊದಲ ದೊಡ್ಡ ಮಳೆ ಬಿದ್ದ ಸಂಜೆ ಅಡುಗೆಮನೆಯ ದೀಪದ ಸುತ್ತ ರೆಕ್ಕೆಯಿರುವ ದೊಡ್ಡ ಕಪ್ಪು ಇರುವೆಗಳು ಮುತ್ತಿಕೊಂಡವು. ಮಳೆಹುಳುಗಳಂತೆ ಹೊರಗಿನಿಂದ ಬಂದಿರಬಹುದೆಂದು ಸುಮ್ಮನಾದೆವು. ಆದರೆ ಆಟಿ ತಿಂಗಳಿನಿಂದ (ಜುಲೈ-ಆಗಸ್ಟ್) ಈಚೆಗೆ ಪ್ರತಿದಿನ ಬೆಳಗ್ಗೆ ಅಡುಗೆಮನೆಯ ಒಂದು ಮೂಲೆಯಲ್ಲಿ, ಗರಗಸದಿಂದ ಮರ ಕೊಯ್ದಾಗ ಬೀಳುವ ಹೊಟ್ಟಿನಂತಹ ಪುಡಿ ಬಿದ್ದಿರುತ್ತದೆ. ಗುಡಿಸಿದರೆ ಮರುದಿನ ಮತ್ತೆ ಅಷ್ಟೇ. ರಾತ್ರಿ ಹತ್ತು ಗಂಟೆಯ ಬಳಿಕ ಗೊದ್ದಗಳು ಪಕ್ಕಾಸು (ಹಂಚನ್ನು ಹೊರುವ ಛಾವಣಿಯ ಮರ) ಗೋಡೆಯ ಮೇಲೆ ಕೂರುವ ಜಾಗದಿಂದ ಸಾಲುಗಟ್ಟಿ ಇಳಿಯುತ್ತವೆ.

ಕೀಟನಾಶಕ ಸಿಂಪಡಿಸುವ ಒಂದು ಸಂಸ್ಥೆಯವರನ್ನು ಎರಡು ಬಾರಿ ಕರೆಸಿದೆವು. ಎರಡು ಬಾರಿಯೂ ನಾಲ್ಕೈದು ದಿನ ಇರುವೆಗಳು ಮರೆಯಾಗಿ, ಆಮೇಲೆ ದೇವರ ಕೋಣೆಯ ದಾರಂದದಲ್ಲಿಯೂ (ಬಾಗಿಲಿನ ಚೌಕಟ್ಟು) ಕಾಣಿಸಿಕೊಂಡವು. ಇದು ಗೆದ್ದಲು ಇರಬಹುದು, ನೆಲಕ್ಕೆ ಸುತ್ತಲೂ ತೂತು ಕೊರೆದು ಔಷಧ ಇಳಿಸಬೇಕು ಎಂದು ಈಗ ಅವರು ಹೇಳುತ್ತಿದ್ದಾರೆ. ನಮ್ಮ ಬಾವಿ ಅಡುಗೆಮನೆಯಿಂದ ಹದಿನೈದು ಅಡಿಯಷ್ಟೇ ದೂರದಲ್ಲಿದೆ; ಕುಡಿಯುವುದಕ್ಕೆ ಅದೇ ನೀರು. ಮನೆಯಲ್ಲಿ ವಯಸ್ಸಾದ ತಾಯಿ ಮತ್ತು ನಾಲ್ಕು ವರ್ಷದ ಮಗು ಇದ್ದಾರೆ. ಇದು ನಿಜವಾಗಿಯೂ ಗೆದ್ದಲೇ? ಅಲ್ಲವಾದರೆ ಬಾವಿಗೆ ಕೆಡುಕಾಗದ ಹಾಗೆ ಏನು ಮಾಡಬಹುದು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 (ಮೂಡುಬಿದಿರೆ)

ಮೊದಲನೆಯದಾಗಿ, ಸದ್ಯಕ್ಕೆ ನೆಲ ಕೊರೆಯಲು ಒಪ್ಪಬೇಡಿ. ನಾನು ಕೀಟಶಾಸ್ತ್ರ ಓದಿದವನು. ತಾವು ವಿವರಿಸಿದ ಪುಡಿ ಗೆದ್ದಲಿನ ಲಕ್ಷಣವಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಮನೆಗೆ ಹತ್ತುವ ಗೆದ್ದಲು ಮರವನ್ನೇ ತಿನ್ನುತ್ತದೆ, ತಾನು ನಡೆಯುವ ದಾರಿಯುದ್ದಕ್ಕೂ ಮಣ್ಣಿನ ಕೊಳವೆ ಕಟ್ಟುತ್ತದೆ, ತಿಂದ ಜಾಗದಲ್ಲಿ ಮಣ್ಣು ಮೆತ್ತುತ್ತದೆ. ಹೊಟ್ಟನ್ನು ಹೊರಗೆ ಚೆಲ್ಲುವ ಅಭ್ಯಾಸ ಅದಕ್ಕಿಲ್ಲ. ಕಾರ್ಪೆಂಟರ್ ಆಂಟ್ ಎಂದು ಕರೆಯುವ ಗೊದ್ದದ ಜಾತಿಯ ಇರುವೆಗಳು ಮರವನ್ನು ತಿನ್ನುವುದಿಲ್ಲ; ಗೂಡಿಗೆ ಜಾಗ ಮಾಡಿಕೊಳ್ಳಲು ಕೊರೆದು, ಚೂರುಗಳನ್ನು ಒಂದೇ ಕಿಂಡಿಯಿಂದ ಹೊರಕ್ಕೆ ತಂದು ಬೀಳಿಸುತ್ತವೆ. ಆ ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿ. ಮರದ ಎಳೆಗಳ ನಡುವೆ ಸತ್ತ ಇರುವೆಯ ತಲೆ, ಕಾಲು, ಬೇರೆ ಹುಳುಗಳ ರೆಕ್ಕೆಯ ಚೂರು ಸಿಕ್ಕಿದರೆ ಅನುಮಾನವೇ ಬೇಡ. ಅದು ಮೈದಾ ಹಿಟ್ಟಿನಷ್ಟು ನಯವಾಗಿದ್ದು, ಮರದ ಮೇಲೆ ಗುಂಡುಸೂಜಿ ಚುಚ್ಚಿದಂತಹ ದುಂಡನೆಯ ತೂತುಗಳಿದ್ದರೆ ಅದು ಕುಟ್ಟೆ ಹುಳುವಿನ ಕೆಲಸ. ಅದರ ಉಪಾಯವೇ ಬೇರೆ.

ರೆಕ್ಕೆಯ ಹುಳುಗಳಲ್ಲಿ ಒಂದೆರಡನ್ನು ಯಾರಾದರೂ ಎತ್ತಿಟ್ಟಿದ್ದರೆ ಅದನ್ನೂ ನೋಡಬಹುದು. ಇರುವೆಗೆ ಸಪೂರ ಸೊಂಟ, ಮೊಣಕೈಯಂತೆ ಬಾಗಿದ ಮೀಸೆ, ಹಿಂದಿನದಕ್ಕಿಂತ ಉದ್ದವಾದ ಮುಂದಿನ ರೆಕ್ಕೆ. ಗೆದ್ದಲಿಗೆ ಸೊಂಟವೇ ಕಾಣದ ಮೈ, ನೇರವಾದ ಮೀಸೆ, ಒಂದೇ ಉದ್ದದ ನಾಲ್ಕು ರೆಕ್ಕೆ.

ಇನ್ನೊಂದು ಮಾತನ್ನು ಹೇಳಲೇಬೇಕು, ಏಕೆಂದರೆ ಅಂತರ್ಜಾಲದಲ್ಲಿ ಸಿಗುವ ಸಲಹೆಗಳು ಬಹುಪಾಲು ಅಮೆರಿಕದ ಮರದ ಮನೆಗಳಿಗಾಗಿ ಬರೆದವು. ಕ್ಯಾಂಪೊನೋಟಸ್ ಎಂಬ ಈ ಕುಲದಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ, ಎಲ್ಲವೂ ಮರ ಕೊರೆಯುವುದಿಲ್ಲ. ನಮ್ಮ ಅಂಗಳದಲ್ಲಿ ದಿನನಿತ್ಯ ಕಾಣುವ ದೊಡ್ಡ ಕರಿ ಗೊದ್ದ, ಅಂದರೆ ಕ್ಯಾಂಪೊನೋಟಸ್ ಕಂಪ್ರೆಸಸ್, ಹೆಚ್ಚಾಗಿ ಮರದ ಬುಡದ ಮಣ್ಣಿನಲ್ಲಿ ಗೂಡು ಮಾಡಿ, ಮನೆಯೊಳಗೆ ಸಿಹಿಗಾಗಿ ಮಾತ್ರ ಬರುತ್ತದೆ. ಆದ್ದರಿಂದ ಗೊದ್ದ ಕಂಡ ಕೂಡಲೇ ಮಾಡು (ಛಾವಣಿ) ಬಿಚ್ಚಿಸಬೇಕಾಗಿಲ್ಲ. ತಮ್ಮಲ್ಲಿ ಇರುವೆ ಮೇಲಿನಿಂದ ಇಳಿಯುತ್ತಿದೆ, ಹೊಟ್ಟೂ ಬೀಳುತ್ತಿದೆ. ಈ ಎರಡೂ ಒಟ್ಟಿಗೆ ಇರುವುದರಿಂದ ಪಕ್ಕಾಸಿನೊಳಗೆ ಗೂಡಿದೆ ಎನ್ನುತ್ತೇನೆ.

ಸಿಂಪಡಿಸಿದ ಔಷಧ ಫಲಿಸದಿರುವುದಕ್ಕೆ ಕಾರಣ ಸರಳವಾಗಿದೆ. ಹೊರಗೆ ಓಡಾಡುವ ಇರುವೆಗಳು ಗೂಡಿನ ಒಂದು ಸಣ್ಣ ಪಾಲು ಮಾತ್ರ. ರಾಣಿ ಮತ್ತು ಮೊಟ್ಟೆಗಳು ತೇವವಿರುವ ಮುಖ್ಯ ಗೂಡಿನಲ್ಲಿದ್ದರೆ, ಬೆಳೆದ ಮರಿಗಳನ್ನೂ ಕೋಶಗಳನ್ನೂ ಒಣಜಾಗದ ಉಪಗೂಡುಗಳಿಗೆ ಸಾಗಿಸಿಟ್ಟಿರುತ್ತವೆ. ಸಾಮಾನ್ಯವಾಗಿ ಬಳಸುವ ಪೈರೆಥ್ರಾಯ್ಡ್ ಔಷಧಗಳ ವಾಸನೆಗೆ ಇರುವೆಗಳು ದಾರಿ ಬದಲಿಸುತ್ತವೆ. ದೇವರ ಕೋಣೆಯ ದಾರಂದದಲ್ಲಿ ಅವು ಕಾಣಿಸಿಕೊಂಡದ್ದು ಹಾಗೆಯೇ ಇರಬಹುದು.

ಬೇಕಾದದ್ದು ನಿಧಾನವಾಗಿ ಕೊಲ್ಲುವ ಆಹಾರ. ಇರುವೆಗಳು ಹೊಟ್ಟೆಯಲ್ಲಿ ತುಂಬಿಕೊಂಡು ಹೋದ ದ್ರವವನ್ನು ಗೂಡಿನಲ್ಲಿ ಬಾಯಿಂದ ಬಾಯಿಗೆ ಹಂಚಿಕೊಳ್ಳುತ್ತವೆ. ಹಾಗೆ ಅದು ರಾಣಿಯವರೆಗೂ ತಲುಪುತ್ತದೆ. ಅರ್ಧ ಲೀಟರ್ ನೀರಿಗೆ 50 ಗ್ರಾಂ ಸಕ್ಕರೆ ಮತ್ತು 5 ಗ್ರಾಂ ಬೋರಿಕ್ ಆಮ್ಲ, ಅಂದರೆ ಶೇಕಡಾ 1ರಷ್ಟು ಮಾತ್ರ. ಬೇಗ ಸಾಯಲಿ ಎಂದು ಹೆಚ್ಚು ಹಾಕಿದರೆ ಅವು ಮುಟ್ಟುವುದಿಲ್ಲ, ಮುಟ್ಟಿದರೂ ಗೂಡು ಸೇರುವ ಮೊದಲೇ ಸಾಯುತ್ತವೆ. ಕೇರಂ ಪುಡಿ ಎಂದು ಮಾರುವುದೆಲ್ಲವೂ ಬೋರಿಕ್ ಆಮ್ಲವಲ್ಲ, ಪೊಟ್ಟಣದ ಮೇಲೆ ಹೆಸರು ಓದಿಯೇ ಕೊಳ್ಳಿ. ಹತ್ತಿಯನ್ನು ಈ ದ್ರಾವಣದಲ್ಲಿ ಅದ್ದಿ, ಮುಚ್ಚಳವಿರುವ ಸಣ್ಣ ಡಬ್ಬಿಯ ಬದಿಗೆ ತೂತು ಮಾಡಿ, ಮಗುವಿನ ಕೈಗೆ ಸಿಗದಂತೆ ಗೋಡೆಯ ಮೇಲ್ಭಾಗದಲ್ಲಿ ಇರುವೆಯ ದಾರಿಯಲ್ಲೇ ಇಡಿ. ಎರಡು ಮೂರು ದಿನಕ್ಕೊಮ್ಮೆ ಹೊಸ ಹತ್ತಿ ಬೇಕು. ಈ ಅವಧಿಯಲ್ಲಿ ಅದರ ಬಳಿ ಯಾವ ಸ್ಪ್ರೇಯನ್ನೂ, ಫಿನಾಯಿಲನ್ನೂ ಬಳಸಬೇಡಿ. ಮೊದಲ ದಿನಗಳಲ್ಲಿ ಇರುವೆಗಳು ಇನ್ನೂ ಹೆಚ್ಚಾಗಿ ಬರುತ್ತವೆ. ಅವನ್ನು ಒರೆಸಿ ಕೊಲ್ಲಬಾರದು. ಮನೆಯವರಿಗೆ ಇದೇ ಅತ್ಯಂತ ಕಷ್ಟದ ಭಾಗ.

ಬಾವಿಯ ವಿಷಯದಲ್ಲಿ ತಮ್ಮ ಆತಂಕ ಸರಿಯಾದದ್ದು. ಮುರಕಲ್ಲಿನ ನೆಲದಲ್ಲಿ ನೀರು ಬಹಳ ಬೇಗ ಇಂಗುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ, ಕುಡಿಯುವ ಬಾವಿಯಿಂದ ಹದಿನೈದು ಅಡಿಯಲ್ಲಿ ಗೆದ್ದಲಿನ ಔಷಧವನ್ನು ನೆಲಕ್ಕೆ ಇಳಿಸುವುದನ್ನು ನಾನು ಯಾರಿಗೂ ಹೇಳಲಾರೆ.

ಉತ್ತರ 2 (ಬ್ರಹ್ಮಾವರ)

ಮೂಡುಬಿದಿರೆಯವರು ಇರುವೆಯ ಬಗ್ಗೆ ಹೇಳಿದ್ದಾರೆ. ನಾನು ಮರಗೆಲಸದವನು, ಮರದ ಬಗ್ಗೆ ಹೇಳುತ್ತೇನೆ. ಗಟ್ಟಿಯಾದ ಒಣ ಹಲಸಿನ ಪಕ್ಕಾಸಿನಲ್ಲಿ ಗೊದ್ದ ಹೊಸದಾಗಿ ಗೂಡು ತೆರೆದದ್ದನ್ನು ನಾನು ಇದುವರೆಗೆ ನೋಡಿಲ್ಲ. ಗೂಡು ಇದ್ದಲ್ಲೆಲ್ಲ ನೀರು ಮೊದಲು ಬಂದಿತ್ತು, ಇರುವೆ ಆಮೇಲೆ ಬಂತು. ಆದ್ದರಿಂದ ಇರುವೆ ಸತ್ತರೆ ಕೆಲಸ ಮುಗಿಯಿತು ಎಂದು ತಿಳಿಯಬಾರದು.

ಮೂರು ಕಡೆ ನೋಡಿ. ಎರಡು ಮಾಡು ಕೂಡುವಲ್ಲಿ ಹಾಕಿದ ತಗಡಿನ ದಂಬೆ (ಮಳೆನೀರು ಹರಿಯುವ ದೋಣಿ) ತುಕ್ಕು ಹಿಡಿದು ತೂತಾಗಿರಬಹುದು, ಅಥವಾ ತರಗೆಲೆ ತುಂಬಿ ನೀರು ಪಕ್ಕಕ್ಕೆ ಹರಿಯುತ್ತಿರಬಹುದು. ಸೂರಿನ ಕಡೆಯ ಹಂಚು ಜರಗಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಕೆಡುವುದು ಪಕ್ಕಾಸಿನ ತುದಿ ಗೋಡೆಯೊಳಗೆ ಹೂತಿರುವ ಜಾಗ: ಮುರಕಲ್ಲು ಮಳೆಗಾಲವಿಡೀ ನೀರು ಹೀರಿಕೊಂಡಿರುತ್ತದೆ, ಅಲ್ಲಿ ಗಾಳಿಯಾಡದೆ ಮರ ಒಳಗಿನಿಂದ ಮೆತ್ತಗಾಗುತ್ತದೆ, ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ; ಗಟ್ಟಿ ಮರ ಕಂಚಿನಂತೆ ಸದ್ದು ಕೊಡುತ್ತದೆ, ಪೊಳ್ಳಾದದ್ದು ಸದ್ದನ್ನು ನುಂಗುತ್ತದೆ. ಅನುಮಾನವಿದ್ದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಅರ್ಧ ಇಂಚು ಸುಲಭವಾಗಿ ಇಳಿದರೆ ಆ ತುದಿಯನ್ನು ಬದಲಿಸಲೇಬೇಕು.

ಆದರೆ ಅವಸರದಲ್ಲಿ ಈಗಲೇ ಕಿಂಡಿಗೆ ಸಿಮೆಂಟ್ ತುಂಬಿಸಬೇಡಿ. ಇರುವೆ ಒಳಗಿರುವಾಗ ಒಂದು ಬಾಗಿಲು ಮುಚ್ಚಿದರೆ ಅದು ಇನ್ನೊಂದನ್ನು ಕೊರೆಯುತ್ತದೆ. ಸದ್ಯಕ್ಕೆ ನೀರು ಇಳಿಯುವಲ್ಲಿ ಶೀಟ್ ಹೊದೆಸಿ, ಮಳೆ ಬಿಟ್ಟ ಮೇಲೆ ಹಂಚು ಬಿಚ್ಚಿಸಿ. ಕೆಟ್ಟ ತುದಿಯನ್ನು ಕತ್ತರಿಸಿ, ಪಕ್ಕಕ್ಕೆ ಹೊಸ ತುಂಡನ್ನು ಬೋಲ್ಟ್ ಹಾಕಿ ಜೋಡಿಸಿದರೆ ಇಡೀ ಪಕ್ಕಾಸು ತೆಗೆಯುವ ಖರ್ಚು ತಪ್ಪುತ್ತದೆ. ಗೋಡೆಯೊಳಗೆ ಹೋಗುವ ಭಾಗಕ್ಕೆ ಹಿಂದಿನವರು ಹಚ್ಚುತ್ತಿದ್ದ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ನಾನು ಈಗಲೂ ಹಚ್ಚುತ್ತೇನೆ. ಅದು ಮೈಗೆ ತಾಗಿದರೆ ಸುಟ್ಟು ಬೊಬ್ಬೆ ಏಳುತ್ತದೆ, ಕೈಗವಸು ಇಲ್ಲದೆ ಮುಟ್ಟಬಾರದು. ಯಾರಾದರೂ ಸೀಮೆಎಣ್ಣೆ ಸುರಿಯಿರಿ ಎಂದರೆ ಕೇಳಲೇಬೇಡಿ. ಹಳೆಯ ಮನೆಗಳ ವಿದ್ಯುತ್ ತಂತಿ ಅದೇ ಪಕ್ಕಾಸಿನ ಮೇಲೆ ಹಾದುಹೋಗಿರುತ್ತದೆ.

ಮಾಡಿಗೆ ತಾಗುವ ಮಾವು, ಹಲಸಿನ ಗೆಲ್ಲುಗಳಿದ್ದರೆ ಅವನ್ನೂ ಕಡಿಸಿ. ಅಡುಗೆಮನೆಯ ಹಿಂದಿನ ಗೋಡೆಗೆ ಒರಗಿಸಿ ಕಟ್ಟಿಗೆ ರಾಶಿ ಹಾಕುವ ಅಭ್ಯಾಸವಿದ್ದರೆ ಅದನ್ನು ಬಿಡಬೇಕು.

ಉತ್ತರ 3 (ಕದ್ರಿ, ಮಂಗಳೂರು)

ಹಂಚಿನ ಮನೆಯವರಿಗೆ ಮಾತ್ರ ಈ ತೊಂದರೆ ಎಂದುಕೊಳ್ಳಬಾರದು. ನಮ್ಮದು ಮೂರನೆಯ ಮಹಡಿಯ ಫ್ಲ್ಯಾಟ್. ಬಚ್ಚಲುಮನೆಯ ಟೊಳ್ಳು ಫ್ಲಶ್ ಬಾಗಿಲಿನ ಕೆಳಭಾಗ ನೀರು ಕುಡಿದು ಉಬ್ಬಿದ್ದು, ಅದರೊಳಗೇ ಗೂಡಾಗಿತ್ತು. ಬೋರಿಕ್ ದ್ರಾವಣವನ್ನೇ ಇಟ್ಟೆವು. ಹತ್ತನೆಯ ದಿನದವರೆಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ, ನಾಲ್ಕನೆಯ ವಾರದ ಹೊತ್ತಿಗೆ ಒಂದೂ ಇರುವೆ ಇರಲಿಲ್ಲ. ನಡುವೆ ಒಂದು ವಾರ ಅವು ಸಿಹಿಯನ್ನು ಬಿಟ್ಟುಬಿಟ್ಟವು. ಆಗ ಹುರಿದ ಮೀನಿನ ಚೂರಿಗೆ ಚಿಟಿಕೆ ಬೋರಿಕ್ ಪುಡಿ ಬೆರೆಸಿ ಇಟ್ಟಾಗ ಅದನ್ನು ಹೊತ್ತುಕೊಂಡು ಹೋದವು. ಮರಿಗಳಿರುವಾಗ ಅವುಗಳಿಗೆ ಪ್ರೋಟೀನ್ ಬೇಕಾಗುತ್ತದೆಯಂತೆ.

ಪ್ರಶ್ನೆ ಕೇಳಿದವರು (ಪರ್ಕಳ)

ಎಲ್ಲರಿಗೂ ಕೃತಜ್ಞತೆಗಳು. ಪುಡಿಯನ್ನು ಕಾಗದದ ಮೇಲೆ ಹರಡಿದಾಗ ಇರುವೆಯ ತಲೆಗಳು ಸ್ಪಷ್ಟವಾಗಿ ಕಂಡವು. ನೆಲ ಕೊರೆಯುವ ಕೆಲಸ ಬೇಡವೆಂದು ಸಂಸ್ಥೆಯವರಿಗೆ ತಿಳಿಸಿದ್ದೇವೆ. ನಿನ್ನೆ ಏಣಿ ಹತ್ತಿ ತಟ್ಟಿದೆ. ಮೂಲೆಯ ಎರಡು ಪಕ್ಕಾಸುಗಳ ತುದಿ ಪೊಳ್ಳಾಗಿದೆ, ಅವುಗಳ ನೇರ ಮೇಲೆ ದಂಬೆಯಲ್ಲಿ ಬೆರಳು ತೂರುವಷ್ಟು ತೂತಿದೆ. ದಾರಂದ ಮಾತ್ರ ಗಟ್ಟಿಯಾಗಿಯೇ ಸದ್ದು ಕೊಡುತ್ತದೆ. ಅಲ್ಲಿಯೂ ಔಷಧ ಇಡಬೇಕೇ?

ಉತ್ತರ 1 (ಮೂಡುಬಿದಿರೆ)

ಇಡಿ. ಅದು ಉಪಗೂಡಾಗಿದ್ದರೆ ಅಲ್ಲಿಂದ ಮುಖ್ಯ ಗೂಡಿಗೆ ಓಡಾಟ ಇದ್ದೇ ಇರುತ್ತದೆ. ರಾತ್ರಿ ಟಾರ್ಚಿನ ಗಾಜಿಗೆ ಕೆಂಪು ಬಣ್ಣದ ಕಾಗದ ಸುತ್ತಿ ನೋಡಿ. ಕೆಂಪು ಬೆಳಕು ಇರುವೆಗಳಿಗೆ ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಅವು ಬೆದರದೆ ನಡೆಯುತ್ತವೆ. ದಾರಂದದಿಂದ ಹೊರಟ ಸಾಲು ಪಕ್ಕಾಸಿನ ಕಡೆಗೆ ಹೋಗುತ್ತದೆಯೇ ಅಥವಾ ಬಾಗಿಲ ಕೆಳಗಿನಿಂದ ಅಂಗಳಕ್ಕೆ ಇಳಿಯುತ್ತದೆಯೇ ಎಂದು ಗಮನಿಸಿ ಇಲ್ಲಿ ಬರೆಯಿರಿ. ಅಂಗಳಕ್ಕೆ ಇಳಿದರೆ ಅದು ಮಣ್ಣಿನ ಗೊದ್ದ. ದಾರಂದವನ್ನು ಮುಟ್ಟುವ ಅಗತ್ಯವೇ ಇಲ್ಲ.