ಕುರಿಯ ರೂಮೆನ್ ಸಂಕೋಚನ: ಇಎಂಜಿ ಗೆರೆ ಓದುವುದು ಹೇಗೆ?

ಪಶುಶರೀರ: ಕುರಿಯ ರೂಮೆನ್ (ಹೊಟ್ಟೆಯ ಅತಿ ದೊಡ್ಡ ಚೀಲ) ಗೋಡೆಗೆ ಒಂದು ಜೋಡಿ ಎಲೆಕ್ಟ್ರೋಡ್ ಕೂರಿಸಿ ಇಎಂಜಿ (ಸ್ನಾಯುವಿನ ವಿದ್ಯುತ್ ಸಂಕೇತದ ದಾಖಲೆ) ತೆಗೆಯುತ್ತಿದ್ದೇವೆ. ಸಂಕೋಚನ ಕಾಣುತ್ತದೆ, ಆದರೆ ಪ್ರಾಥಮಿಕ ಯಾವುದು, ತೇಗಿನದು ಯಾವುದು ಗೊತ್ತಾಗುತ್ತಿಲ್ಲ. ಗೆರೆಯೂ ಮೇಲೆ ಕೆಳಗೆ ತೇಲುತ್ತದೆ.

ಮೆಲುಕು: ಒಂದೇ ಜೋಡಿಯಿಂದ ಅದು ತಿಳಿಯದು. ರೆಟಿಕ್ಯುಲಂ (ರೂಮೆನ್ನಿನ ಮುಂದಿರುವ ಸಣ್ಣ ಚೀಲ) ಮೇಲೆ ಇನ್ನೊಂದು ಜೋಡಿ ಬೇಕೇ ಬೇಕು. ಪ್ರಾಥಮಿಕ ಚಕ್ರ ಅಲ್ಲಿಂದಲೇ, ಬೆನ್ನುಬೆನ್ನಿಗೆ ಎರಡು ಸಂಕೋಚನಗಳಿಂದ ಶುರುವಾಗಿ ರೂಮೆನ್ನಿಗೆ ಹರಡುತ್ತದೆ. ರೆಟಿಕ್ಯುಲಂ ಸುಮ್ಮನಿದ್ದು ರೂಮೆನ್ ಮಾತ್ರ ಸಂಕುಚಿಸಿದರೆ ಅದು ದ್ವಿತೀಯಕ. ತೇಗು ಹೆಚ್ಚಾಗಿ ಇದರ ಜೊತೆಗೇ. ಮೆಲುಕು ಹಾಕುವಾಗ ರೆಟಿಕ್ಯುಲಂನ ಆ ಎರಡು ಸಂಕೋಚನಗಳಿಗೂ ಮುಂಚೆ ಅಲ್ಲೇ ಇನ್ನೊಂದು ಬರುತ್ತದೆ, ಗಾಬರಿ ಬೇಡ.

ಕುರಿಡಾಕ್ಟರು: ತೇಲುವುದು ಉಸಿರಾಟ, ಮೈ ಅಲುಗಾಟದ್ದು. ಹೈಪಾಸ್ ಫಿಲ್ಟರ್ (ನಿಧಾನ ಏರಿಳಿತವನ್ನು ತೆಗೆದುಹಾಕುವ ಸೋಸುಕ) ಹಾಕಿ. ಟೆಫ್ಲಾನ್ ಹೊದಿಕೆಯ ಸ್ಟೀಲ್ ತಂತಿಯ ತುದಿಯಲ್ಲಿ 2 ಮಿ.ಮೀ. ಮಾತ್ರ ಹೊದಿಕೆ ತೆಗೆಯಿರಿ, ಜೋಡಿಯ ನಡುವೆ ಸುಮಾರು 5 ಮಿ.ಮೀ. ಬಿಡಿ. ತಂತಿಗೆ ಸಡಿಲ ಸುರುಳಿ ಇಲ್ಲದಿದ್ದರೆ ಹೊಟ್ಟೆ ಅಲುಗಿದಂತೆಲ್ಲ ತುದಿ ಸ್ನಾಯುವಿನಿಂದ ಕಿತ್ತು ಬರುತ್ತದೆ. ಕ್ಸೈಲಜಿನ್ (ಮಂಪರು ಬರಿಸುವ ಔಷಧ) ಕೊಟ್ಟ ದಿನದ ದಾಖಲೆ ಲೆಕ್ಕಕ್ಕೆ ಹಿಡಿಯಬೇಡಿ. ಅದು ರೂಮೆನ್ನಿನ ಚಲನೆಯನ್ನೇ ತಗ್ಗಿಸುತ್ತದೆ.

ಮೆಲುಕು: ಹಾಗೆಯೇ ಸ್ಟೆತಾಸ್ಕೋಪನ್ನು ಎಡಗಡೆ, ಕೊನೆಯ ಪಕ್ಕೆಲುಬಿನ ಹಿಂದಿನ ಗುಳಿಯ ಮೇಲಿಟ್ಟು 5 ನಿಮಿಷ ಸಂಕೋಚನ ಎಣಿಸಿ ಗೆರೆಯೊಂದಿಗೆ ತಾಳೆ ನೋಡಿ. ಆರೋಗ್ಯವಂತ ಕುರಿಯಲ್ಲಿ ನಿಮಿಷಕ್ಕೆ 1–2, ಮೇವು ತಿನ್ನುವಾಗ ಹೆಚ್ಚು.